ಎರಡೂ ಕಡೆಯವರು ತಾವೇ ಪಾಂಡವರು ಅಂದರೆ ಏನು ಮಾಡೋದು?

ಬೇಲೂರು ಕಡೆಯವ:

ಎಲ್ಲರಿಗೂ ನಮಸ್ಕಾರ. ರಾಮಾಯಣ, ಮಹಾಭಾರತ ಓದಿಕೊಂಡವರು ಇಲ್ಲಿ ಜಾಸ್ತಿ ಇದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮದು ಬೇಲೂರು ತಾಲ್ಲೂಕು. ತಾತನ ಕಾಲದ ಕಾಫಿ ತೋಟ, ಕೆಳಗೆ ಸ್ವಲ್ಪ ಗದ್ದೆ. ತಾತ ಹೋದ ಮೇಲೆ ಎಲ್ಲಾ ನೋಡಿಕೊಂಡಿದ್ದು ಅಪ್ಪ. ದೊಡ್ಡಪ್ಪ ಕೆಲಸದ ಮೇಲೆ ಬೆಂಗಳೂರು ಸೇರಿದ್ದರು, ಈಗ ರಿಟೈರ್ ಆಗಿ ಬಂದು ಪಾಲು ಕೇಳುತ್ತಿದ್ದಾರೆ. ಪಾಲು ಕೊಡಬಾರದು ಅಂತ ಅಪ್ಪ ಅಂದಿಲ್ಲ. ಯಾವ ಪಾಲು ಯಾರಿಗೆ ಅನ್ನುವುದೇ ಜಗಳ. ಕೆರೆ, ಕಣ, ಗಾಡಿ ದಾರಿ ಮೂರೂ ಮೇಲಿನ ಅರ್ಧದಲ್ಲಿವೆ. ಅದು ಇಬ್ಬರಿಗೂ ಬೇಕು.

ನಾನು ಕೇಳುತ್ತಿರುವುದು ಕಾನೂನಲ್ಲ. ಈ ಜಗಳ ಪೂರ್ತಿ ಮಹಾಭಾರತದ ಮಾತಿನಲ್ಲೇ ನಡೆಯುತ್ತಿದೆ. ಇಷ್ಟು ವರ್ಷ ಮಳೆ, ಜಿಗಣೆ, ಆನೆ ಅಂತ ತೋಟದಲ್ಲಿ ವನವಾಸ ಮಾಡಿದ್ದು ನಾವು, ಆದ್ದರಿಂದ ನಾವೇ ಪಾಂಡವರು ಅನ್ನುವುದು ಅಪ್ಪನ ವಾದ. ದೊಡ್ಡಪ್ಪನ ಪ್ರಕಾರ, ಊರು ಬಿಟ್ಟು ಹೋಗಿ ಅವಧಿ ಮುಗಿಸಿ ವಾಪಸ್ ಬಂದವರು ಅವರು, ಸೂಜಿ ಮೊನೆಯಷ್ಟೂ ಜಾಗ ಕೊಡಲ್ಲ ಅನ್ನುತ್ತಿರುವವರು ನಾವು. ಶಕುನಿ ಯಾರು ಅನ್ನುವುದರಲ್ಲಿ ಮಾತ್ರ ಇಬ್ಬರಿಗೂ ಅನುಮಾನವಿಲ್ಲ. ಅಪ್ಪನಿಗೆ ದೊಡ್ಡಮ್ಮನ ತಮ್ಮ, ದೊಡ್ಡಪ್ಪನಿಗೆ ನನ್ನ ಸೋದರಮಾವ!

ಹೋದ ತಿಂಗಳು ಹೊರಗಿನಿಂದ ಬಂದ ಗೆಳೆಯನನ್ನು ಹಳೇಬೀಡಿಗೆ ಕರೆದುಕೊಂಡು ಹೋಗಿದ್ದೆ. ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯಲ್ಲಿ ಚಕ್ರವ್ಯೂಹ ಇದೆಯಲ್ಲ, ಅದನ್ನು ತೋರಿಸುವಾಗ ಅವನು ಕೇಳಿದ, ಈ ಕಥೆಯಿಂದ ಇವತ್ತಿನ ಬದುಕಿಗೆ ಏನಾದರೂ ಉಪಯೋಗ ಇದೆಯಾ ಅಂತ. ನನಗೆ ಉತ್ತರ ಹೊಳೆಯಲಿಲ್ಲ. ನಮ್ಮ ಮನೆಯಲ್ಲಂತೂ ಅದು ಇನ್ನೊಬ್ಬರ ತಲೆಗೆ ಹೊಡೆಯೋಕೆ ಬಳಕೆಯಾಗುತ್ತಿದೆ, ಅಷ್ಟೇ. ನಿಜವಾಗಿ ಉಪಯೋಗಕ್ಕೆ ಬಂದ ಯಾರಾದರೂ ಇದ್ದೀರಾ?

ಕಾಫಿಕಣ:

ಗುರು, ಮೊದಲು ಪಹಣಿ ತೆಗೆಸಿ ನೋಡು, ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ) ಆಗಿದೆಯಾ ಇಲ್ವಾ ಅಂತ. ಕೃಷ್ಣ ಬಂದು ಸಂಧಾನ ಮಾಡಿದರೂ ಪೋಡಿ ಮಾಡೋಕೆ, ಅಂದರೆ ಜಾಗ ಅಳೆದು ಬೇರೆ ಬೇರೆ ಮಾಡೋಕೆ, ಸರ್ವೆಯವರೇ ಬರಬೇಕು 😄

ಕಡೂರಿನ ಮೇಷ್ಟ್ರು:

ಬೇಲೂರಿನವರೇ, ನೀವು ಕೇಳಿದ ಎರಡು ಪ್ರಶ್ನೆಯಲ್ಲಿ ಎರಡನೆಯದು ಹಳೆಯದು. ಮೊದಲನೆಯದೇ ಚೆನ್ನಾಗಿದೆ. ಯಾರು ಪಾಂಡವರು ಅಂತ ಪಾತ್ರ ಹಂಚಲು ಕೂತರೆ ಯಾವ ಮನೆಯಲ್ಲೂ ಯಾರೂ ದುರ್ಯೋಧನನ ವೇಷ ತೊಡಲು ಒಪ್ಪುವುದಿಲ್ಲ. ನೋಡಿ, ಕಥೆಯ ಕೊನೆಯಲ್ಲಿ ಧರ್ಮರಾಯ ಸ್ವರ್ಗಕ್ಕೆ ಹೋದರೆ ಅಲ್ಲಿ ದುರ್ಯೋಧನ ಆಗಲೇ ಸಿಂಹಾಸನದ ಮೇಲೆ ಹೊಳೆಯುತ್ತಾ ಕೂತಿರುತ್ತಾನೆ. ಧರ್ಮರಾಯನಿಗೆ ಎಲ್ಲಿಲ್ಲದ ಸಿಟ್ಟು ಬರುತ್ತದೆ, ಇವನ ಜೊತೆ ನಾನಿರಲ್ಲ ಅನ್ನುತ್ತಾನೆ. ಯಾರು ಒಳ್ಳೆಯವರು, ಯಾರು ಕೆಟ್ಟವರು ಅಂತ ತೀರ್ಪು ಕೊಟ್ಟು ಮುಗಿಸುವುದು ವ್ಯಾಸರಿಗೆ ಬೇಕಿದ್ದರೆ ಈ ಜಾಗ ಬರೆಯುತ್ತಲೇ ಇರಲಿಲ್ಲ.

ಪಾತ್ರ ಬಿಡಿ, ನಡೆ ನೋಡಿ. ಉದ್ಯೋಗಪರ್ವ ತೆಗೆಯಿರಿ, ಅದು ಪೂರ್ತಿ ಪಾಲಿನ ಪಂಚಾಯ್ತಿ. ಧೃತರಾಷ್ಟ್ರ ಮೊದಲು ಸಂಜಯನನ್ನು ಕಳಿಸುತ್ತಾನೆ. ಸಂಜಯ ಬಂದು ಶಾಂತಿ ದೊಡ್ಡದು, ಯುದ್ಧ ಬೇಡ ಅಂತ ಸೊಗಸಾಗಿ ಮಾತಾಡುತ್ತಾನೆ. ಎಷ್ಟು ಜಾಗ ಕೊಡುತ್ತೇವೆ ಅನ್ನುವುದು ಮಾತ್ರ ಆ ಮಾತಿನಲ್ಲಿ ಎಲ್ಲೂ ಇಲ್ಲ. ನಿಮ್ಮಲ್ಲಿ ಎಷ್ಟು ಜನ ಹಿರಿಯರು ಹೀಗೆ ಬಂದು "ಅಣ್ಣತಮ್ಮ ಹೊಂದಿಕೊಂಡು ಹೋಗ್ರಪ್ಪ" ಅಂತ ಕಾಫಿ ಕುಡಿದು ಎದ್ದು ಹೋಗಿದ್ದಾರೆ ಲೆಕ್ಕ ಹಾಕಿ.

ಧರ್ಮರಾಯ ಅದಕ್ಕೆ ಕೊಡುವ ಉತ್ತರ ಇನ್ನೂ ಜಾಣತನದ್ದು. ಅವನ ಹಕ್ಕು ಅರ್ಧ ರಾಜ್ಯ. ಅದು ಆಗದಿದ್ದರೆ ಐದು ಹಳ್ಳಿ ಸಾಕು ಅನ್ನುತ್ತಾನೆ. ನಾಲ್ಕರ ಹೆಸರು ಹೇಳಿ, ಐದನೆಯದು ನಿಮಗೆ ಇಷ್ಟ ಬಂದದ್ದು ಕೊಡಿ ಅಂತ ಬಿಡುತ್ತಾನೆ. ಆ ನಾಲ್ಕರಲ್ಲಿ ಒಂದು ವಾರಣಾವತ, ಅಂದರೆ ಅರಗಿನ ಮನೆ ಕಟ್ಟಿ ಇವರನ್ನು ಸುಡಲು ಹೊರಟ ಊರು! ಅದನ್ನೂ ಸೇರಿಸಿ ಕೇಳುತ್ತಾನೆ. ನಿಮ್ಮ ಅಪ್ಪ, ದೊಡ್ಡಪ್ಪ ಇಬ್ಬರಲ್ಲಿ ಯಾರಾದರೂ ಇದಕ್ಕಿಂತ ಕಡಿಮೆಗೆ ಒಪ್ಪಲ್ಲ, ಇಷ್ಟಾದರೆ ಸಾಕು ಅಂತ ಒಂದು ಕಾಗದದಲ್ಲಿ ಬರೆದಿದ್ದಾರಾ? ಇಬ್ಬರೂ "ಮೇಲಿನ ಅರ್ಧ ನನಗೆ" ಅನ್ನುತ್ತಿರುವವರೆಗೆ ಇಬ್ಬರೂ ಇರುವುದು ದುರ್ಯೋಧನನ ಜಾಗದಲ್ಲೇ, ವೇಷ ಯಾವುದಾದರೂ ಇರಲಿ.

ಇನ್ನೊಂದು. ಸಂಜಯ ವಾಪಸ್ ಬಂದ ರಾತ್ರಿ ಧೃತರಾಷ್ಟ್ರನಿಗೆ ನಿದ್ದೆ ಹತ್ತಲ್ಲ. ವಿದುರನನ್ನು ಕರೆಸಿ ರಾತ್ರಿಯೆಲ್ಲಾ ಬುದ್ಧಿಮಾತು ಕೇಳುತ್ತಾನೆ. ಜನ ಇವತ್ತು ವಿದುರನೀತಿ ಅಂತ ಓದುವುದು ಅದನ್ನೇ. ಕೊನೆಗೆ ಅವನು ಏನನ್ನುತ್ತಾನೆ ಗೊತ್ತಾ? ನೀನು ಹೇಳುವುದೆಲ್ಲಾ ಸರಿ, ಆದರೆ ದುರ್ಯೋಧನನ ಹತ್ತಿರ ಹೋದ ತಕ್ಷಣ ನನ್ನ ಮನಸ್ಸು ತಿರುಗಿಬಿಡುತ್ತದೆ ಅಂತ. ಒಳ್ಳೆ ಮಾತು ಕೇಳಿದರೆ ಮನುಷ್ಯ ಬದಲಾಗುತ್ತಾನೆ ಅಂತ ಮಹಾಭಾರತ ಎಲ್ಲೂ ಸುಳ್ಳು ಭರವಸೆ ಕೊಟ್ಟಿಲ್ಲ. ಅದೇ ನನಗೆ ಅದರಲ್ಲಿ ಇಷ್ಟ.

ಕೈಮರ:

ಮೇಷ್ಟ್ರೇ, ಹೆಂಡತಿಯನ್ನು ಪಣಕ್ಕಿಟ್ಟು ಜೂಜಾಡಿದವನಿಂದ ಆಸ್ತಿ ವಿಷಯದಲ್ಲಿ ಪಾಠ ಕಲಿಯಬೇಕಾ? ಸುಮ್ನೆ ಕೇಳುತ್ತಿದ್ದೇನೆ.

ಕಡೂರಿನ ಮೇಷ್ಟ್ರು:

ಕೇಳಬೇಕಾದ್ದೇ. ಸಭೆಯಲ್ಲಿ ದ್ರೌಪದಿ ಕೇಳಿದ್ದೂ ಅದೇ ಅಲ್ವಾ, ತನ್ನನ್ನು ತಾನು ಮೊದಲು ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು ಅಂತ. ಭೀಷ್ಮರೇ ಧರ್ಮ ಸೂಕ್ಷ್ಮ ಅಂತ ಜಾರಿಕೊಂಡರು. ಬಾಯಿ ಬಿಟ್ಟು ಅವಳ ಪರ ನಿಂತವನು ದುರ್ಯೋಧನನ ಸ್ವಂತ ತಮ್ಮ ವಿಕರ್ಣ. ಹಾಗೆಯೇ ಜೂಜಿನ ಧರ್ಮರಾಯನೇ ಯಕ್ಷನ ಮುಂದೆ ಬೇರೆ ಮನುಷ್ಯ. ನಾಲ್ಕು ತಮ್ಮಂದಿರು ಸತ್ತು ಬಿದ್ದಿದ್ದಾರೆ, ಒಬ್ಬನನ್ನು ಬದುಕಿಸುತ್ತೇನೆ ಅಂತ ಯಕ್ಷ ಅಂದರೆ ಭೀಮನನ್ನೂ ಕೇಳಲಿಲ್ಲ, ಅರ್ಜುನನನ್ನೂ ಕೇಳಲಿಲ್ಲ. ನಕುಲ ಅಂದ. ಕುಂತಿಯ ಮಗ ನಾನಿದ್ದೇನೆ, ಮಾದ್ರಿಗೂ ಒಬ್ಬ ಮಗ ಉಳಿಯಲಿ ಅಂತ. ನ್ಯಾಯವಾಗಿ ಪಾಲು ಮಾಡುವುದು ಅಂದರೆ ಇದು. ಒಂದೇ ಮನುಷ್ಯ ಎರಡನ್ನೂ ಮಾಡಬಲ್ಲ.

ಸಕಲೇಶಪುರದ ಸೊಸೆ:

ಎಲ್ಲರೂ ಅಣ್ಣತಮ್ಮ ಅಣ್ಣತಮ್ಮ ಅನ್ನುತ್ತಿದ್ದೀರಿ. ಬೇಲೂರಿನವರೇ, ನಿಮಗೆ ಅತ್ತೆಯರು, ಅಂದರೆ ಅಪ್ಪನ ಅಕ್ಕತಂಗಿಯರು, ಎಷ್ಟು ಜನ?

ಮಹಾಭಾರತ ಗೊತ್ತು ಅನ್ನುವವರನ್ನು ನಿಲ್ಲಿಸಿ ನೂರು ಜನ ಕೌರವರಿಗೆ ತಂಗಿ ಇದ್ದಳಾ ಅಂತ ಕೇಳಿ, ಅರ್ಧ ಜನಕ್ಕೆ ಗೊತ್ತಿರಲ್ಲ. ಇದ್ದಳು, ದುಶ್ಶಲೆ. ಜಯದ್ರಥನಿಗೆ ಕೊಟ್ಟಿದ್ದರು. ಗಂಡ ಯುದ್ಧದಲ್ಲಿ ಅರ್ಜುನನ ಕೈಯಲ್ಲಿ ಸತ್ತ. ಆಮೇಲೆ ಅಶ್ವಮೇಧದ ಕುದುರೆ ಹಿಂದೆ ಅದೇ ಅರ್ಜುನ ಸಿಂಧು ದೇಶಕ್ಕೆ ಬರುತ್ತಾನೆ. ಅರ್ಜುನ ಬಂದ ಅಂತ ಕೇಳಿಯೇ ಅವಳ ಮಗ ಪ್ರಾಣ ಬಿಡುತ್ತಾನೆ. ಸೈನಿಕರು ಇನ್ನೂ ಹೊಡೆದಾಡುತ್ತಿರುವಾಗ ಇವಳು ಮೊಮ್ಮಗನನ್ನು ಎತ್ತಿಕೊಂಡು ರಥದಲ್ಲಿ ನಡುವೆ ಬರುತ್ತಾಳೆ. ಅರ್ಜುನ ಬಿಲ್ಲು ಕೆಳಗಿಡುತ್ತಾನೆ. ರಾಜ್ಯದಲ್ಲಿ ಒಂದು ಹಿಡಿ ಮಣ್ಣೂ ಸಿಗದವಳು ಅವಳು. ಕಳೆದುಕೊಂಡಿದ್ದು ಮಾತ್ರ ಎರಡೂ ಕಡೆಯಿಂದ.

ದುಶ್ಶಲೆಗೆ ಕಾನೂನಿರಲಿಲ್ಲ, ನಿಮ್ಮ ಅತ್ತೆಯರಿಗೆ ಇದೆ. ತಾತ ವಿಲ್ ಬರೆಯದೆ ಹೋಗಿದ್ದು, ಅದು ಅವರ ಸ್ವಂತ ಗಳಿಕೆಯಾಗಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಮಗಳಿಗೂ ಮಗನಷ್ಟೇ ಪಾಲು. ಪಿತ್ರಾರ್ಜಿತ ಆಗಿದ್ದರೆ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟ 2005ರ ತಿದ್ದುಪಡಿ ಇದೆ. ನಮ್ಮ ಕರ್ನಾಟಕದಲ್ಲಿ 1994ರಲ್ಲೇ ಇದು ಬಂದಿತ್ತು, ಆದರೆ ಅಷ್ಟು ಹೊತ್ತಿಗೆ ಮದುವೆಯಾದವರನ್ನು ಬಿಟ್ಟಿತ್ತು. 2005ರಲ್ಲಿ ಆ ಭೇದವೂ ಹೋಯಿತು. 2005ರಲ್ಲಿ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಅಂತ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ಪಾಲು ಆಗಿಹೋಗಿದ್ದರೆ ಅದು ಬೇರೆ ಕಥೆ. ನಿಮ್ಮಲ್ಲಿ ಆಗಿಲ್ಲ ಅಂತ ನೀವೇ ಹೇಳುತ್ತಿದ್ದೀರಿ.

ಅರ್ಧ ಅರ್ಧ ಅನ್ನುವ ಲೆಕ್ಕವೇ ತಪ್ಪು. ಗೌರಿ ಹಬ್ಬಕ್ಕೆ ಬಾಗಿನ ಕೊಟ್ಟು "ನೀನೇನೂ ಕೇಳಲ್ಲ ಬಿಡಮ್ಮ" ಅಂತ ಸಹಿ ಹಾಕಿಸಿಕೊಳ್ಳುವುದು ನಮ್ಮ ಕಡೆ ಎಷ್ಟು ಮನೆಯಲ್ಲಿ ನಡೆದಿಲ್ಲ!

ಬೇಲೂರು ಕಡೆಯವ:

ಇಬ್ಬರು ಅತ್ತೆಯರು ಮೇಡಂ. ಸಹಿ ಹಾಕಿಕೊಡುತ್ತಾರೆ ಅಂತ ಅಪ್ಪನೂ ಅಂದುಕೊಂಡಿದ್ದಾರೆ, ದೊಡ್ಡಪ್ಪನೂ ಅಂದುಕೊಂಡಿದ್ದಾರೆ. ಇದೊಂದು ವಿಷಯದಲ್ಲಿ ಇಬ್ಬರದೂ ಒಂದೇ ಅಭಿಪ್ರಾಯ.

ತರೀಕೆರೆ ರಸ್ತೆ:

ನಮ್ಮ ಕಡೆ ಅಮೃತಾಪುರ ನೋಡಿದ್ದೀರಾ? 1196ರ ದೇವಸ್ಥಾನ, ವೀರಬಲ್ಲಾಳನ ಕಾಲದ್ದು. ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಜನವೆಲ್ಲಾ ಅಲ್ಲೇ. ಇಲ್ಲಿ ವಾರದ ದಿನ ಹೋದರೆ ಆರಾಮಾಗಿ ನೋಡಬಹುದು. ತೆರೆದ ಮಂಟಪದ ಸುತ್ತ 140 ಫಲಕ ಇವೆ. ದಕ್ಷಿಣಕ್ಕೆ ರಾಮಾಯಣ 70. ಉತ್ತರಕ್ಕೆ ಕೃಷ್ಣನ ಕಥೆ 25, ಮಹಾಭಾರತ 45. ರಾಮಾಯಣ ಮಾತ್ರ ಅಪ್ರದಕ್ಷಿಣೆಯಾಗಿ ಸಾಗುತ್ತದೆ, ಕಥೆ ಹಿಡಿದು ನೋಡಬೇಕಾದರೆ ಹಿಂದೆ ಹಿಂದೆ ಹೋಗಬೇಕು. ಯಾಕೆ ಹಾಗೆ ಮಾಡಿದರೋ, ನೋಡೋಕಂತೂ ಮಜಾ ಇದೆ.

ಈಗ ವಿಷಯಕ್ಕೆ. ನೀವೆಲ್ಲಾ ಭಾರತ ಹಿಡಿದುಕೊಂಡಿದ್ದೀರಿ. ಇವರ ಮನೆಯ ಸಮಸ್ಯೆ ಇರುವುದು ರಾಮಾಯಣದಲ್ಲಿ ಅಂತ ನನಗನ್ನಿಸುತ್ತದೆ. ಒಬ್ಬ ಊರು ಬಿಟ್ಟು ಹೋದ, ಇನ್ನೊಬ್ಬ ಉಳಿದು ನೋಡಿಕೊಂಡ. ಅದು ಭರತನ ಕಥೆ. ಭರತ ಅಂದರೆ ಪಾದುಕೆ ಇಟ್ಟು ಪೂಜೆ ಮಾಡಿದವನು ಅಂತ ಅಷ್ಟೇ ನೆನಪಿಟ್ಟುಕೊಂಡಿದ್ದೇವೆ. ವಾಲ್ಮೀಕಿ ರಾಮಾಯಣದ ಯುದ್ಧಕಾಂಡದ ಕೊನೆ ನೋಡಿ. ರಾಮ ವಾಪಸ್ ಬಂದ ದಿನವೇ ಭರತ ಲೆಕ್ಕ ಒಪ್ಪಿಸುತ್ತಾನೆ. ಬೊಕ್ಕಸ, ಕಣಜ, ಪಟ್ಟಣ, ಸೈನ್ಯ ಎಲ್ಲಾ ನೋಡಿಕೋ, ಎಲ್ಲವನ್ನೂ ಹತ್ತು ಪಟ್ಟು ಮಾಡಿದ್ದೇನೆ, ನಿನ್ನ ಪ್ರಭಾವದಿಂದ ಅಂತ. ಅಣ್ಣನ ಮೇಲೆ ಅಷ್ಟು ಪ್ರೀತಿ ಇದ್ದವನೂ ಬಾಯಿಮಾತಿಗೆ ಬಿಡಲಿಲ್ಲ, ನೋಡಿಕೋ ಅಂದ.

ನಿಮ್ಮ ಅಪ್ಪ ತೋಟ ಬೆಳೆಸಿದ್ದಾರೆ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಹಳೇ ಗಿಡ ಕಿತ್ತು ಹೊಸದು ಹಾಕಿರುತ್ತಾರೆ, ಮರಕ್ಕೆಲ್ಲಾ ಮೆಣಸು ಹಬ್ಬಿಸಿರುತ್ತಾರೆ, ಬೋರ್ ಕೊರೆಸಿರುತ್ತಾರೆ. ಅದಕ್ಕೆಲ್ಲಾ ಬರೆದಿಟ್ಟ ಲೆಕ್ಕ ಇದೆಯಾ? ಕಾಫಿ ರೇಟು ಏರಿದ ವರ್ಷ ಎಷ್ಟು ಬಂತು, ಬಿದ್ದ ವರ್ಷ ಎಷ್ಟು ಕೈಬಿಟ್ಟಿತು, ಸಾಲ ಎಷ್ಟು ತೀರಿತು? ದೊಡ್ಡಪ್ಪನಿಗೆ ಇದ್ಯಾವುದೂ ಗೊತ್ತಿರಲ್ಲ. ಅವರ ಕಣ್ಣಿಗೆ ಕಾಣುವುದು ಹೊಸ ಜೀಪು ಮಾತ್ರ. ಅಪ್ಪನಿಗೆ ನೆನಪಿರುವುದು ಮೈಮುರಿದ ದಿನ ಮಾತ್ರ. ಕೆರೆ, ಕಣದ ಜಗಳದ ಕೆಳಗಿರುವುದು ಇದೇ ಇರಬೇಕು. ಪಾಲಿಗೆ ಮುಂಚೆ ಲೆಕ್ಕ ಇಡಿ. ದುಡಿದದ್ದಕ್ಕೆ ಒಂದು ಬೆಲೆ ಕಟ್ಟಿ, ಅದನ್ನು ತೆಗೆದು ಉಳಿದದ್ದನ್ನು ಹಂಚಬಹುದಾ ಅಂತ ಕೇಳಿ.

ಲೈನ್ ಮನೆ ಹುಡುಗ:

ನಾನು ಹುಟ್ಟಿದ್ದು ಒಂದು ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿ ಕೆಲಸದವರ ಸಾಲು ಮನೆಯಲ್ಲಿ. ಎಲ್ಲರೂ ಚೆನ್ನಾಗಿ ಬರೆದಿದ್ದೀರಿ, ಆದರೆ ಇದೆಲ್ಲಾ ಧಣಿಗಳ ಮನೆ ಕಥೆ. ನಮ್ಮ ತೋಟ ಪಾಲಾದಾಗ ನಮ್ಮ ಮನೆ ಕೆಳಗಿನ ಪಾಲಿಗೆ ಬಂತು, ನೀರಿನ ನಲ್ಲಿ ಮೇಲಿನ ಪಾಲಿಗೆ ಹೋಯಿತು. ಆಮೇಲೆ ನಮ್ಮಮ್ಮ ಕೊಡ ಹೊತ್ತು ತಿರುಗಿದ್ದನ್ನು ಯಾವ ಸಂಧಾನದಲ್ಲೂ ಯಾರೂ ಎತ್ತಲಿಲ್ಲ.

ಮಹಾಭಾರತದಲ್ಲಿ ನನಗೆ ಹಿಡಿಸುವುದು ವಿರಾಟಪರ್ವ ಒಂದೇ. ಅಲ್ಲಿ ರಾಜರು ಒಂದು ವರ್ಷ ಆಳುಗಳಾಗಿ ಇರಬೇಕಾಯಿತು. ಭೀಮ ಅಡುಗೆ ಮಾಡಿದ, ನಕುಲ ಕುದುರೆ ನೋಡಿಕೊಂಡ, ಸಹದೇವ ದನ ಕಾದ. ದ್ರೌಪದಿ ರಾಣಿಗೆ ತಲೆ ಬಾಚುವ ಕೆಲಸಕ್ಕೆ ಸೇರಿ ಕೀಚಕನ ಕಾಟ ತಿಂದಳು. ತುಂಬಿದ ಸಭೆಯಲ್ಲಿ ಕೀಚಕ ಒದ್ದರೂ ವಿರಾಟರಾಯ ಸುಮ್ಮನೆ ಕೂತಿದ್ದ. ಕೆಲಸದ ಹೆಂಗಸಿನ ಮಾತು ಅಲ್ವಾ. ಏಕಲವ್ಯನ ಹೆಬ್ಬೆರಳಿನ ವಿಷಯ ನಾನು ಎತ್ತಲ್ಲ, ಎತ್ತಿದರೆ ಇಲ್ಲಿ ಇನ್ನೊಂದು ಯುದ್ಧ ಶುರುವಾಗುತ್ತದೆ.

ಯುಯುತ್ಸು ಗೊತ್ತಾ? ಧೃತರಾಷ್ಟ್ರನಿಗೆ ವೈಶ್ಯ ಹೆಂಗಸಿನಲ್ಲಿ ಹುಟ್ಟಿದ ಮಗ. ಯುದ್ಧದಲ್ಲಿ ಪಾಂಡವರ ಕಡೆ ಬಂದ. ಪಾಂಡವರು ಎಲ್ಲಾ ಬಿಟ್ಟು ಹೊರಟಾಗ ಪರೀಕ್ಷಿತನಿಗೆ ಪಟ್ಟ ಕಟ್ಟಿ ರಾಜ್ಯ ನೋಡಿಕೊಳ್ಳುವ ಹೊಣೆ ಕೊಟ್ಟಿದ್ದು ಇವನಿಗೆ. ಹೆಸರು ಎಲ್ಲಿದೆ ಹೇಳಿ? ಬೇಲೂರಿನವರೇ, ನಿಮ್ಮ ನಕ್ಷೆಯಲ್ಲಿ ಲೈನ್ ಮನೆ ಎಲ್ಲಿದೆ, ಅವರಿಗೆ ದಾರಿ, ನೀರು ಎಲ್ಲಿಂದ ಅಂತಾನೂ ಬರೆಯಿರಿ.

ಹಿರೇಮಗಳೂರಿನವ:

ಮೇಲಿನ ಮಾತಿಗೆ ನನ್ನದೊಂದು ಲೈಕ್.

ನಮ್ಮೂರಿನ ಈಶ್ವರ ದೇವಸ್ಥಾನದಲ್ಲಿ ಒಂದು ಕಲ್ಲಿನ ಕಂಬ ಇದೆ, ಜನಮೇಜಯ ಸರ್ಪಯಾಗ ಮಾಡಿದಾಗಿನ ಯೂಪಸ್ತಂಭ (ಯಾಗದ ಕಂಬ) ಅಂತ ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ. ಕೋದಂಡರಾಮನ ದೇವಸ್ಥಾನಕ್ಕೆ ಕನ್ನಡದಲ್ಲಿ ಪೂಜೆ ನೋಡೋಕೆ ಬಂದವರು ಇದನ್ನು ನೋಡದೆ ಹೋಗುವುದೇ ಹೆಚ್ಚು. ಸ್ಥಳಪುರಾಣ ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ಯಾಗದ ಕಥೆ ಇವರ ಮನೆಗೆ ಹೇಳಿ ಮಾಡಿಸಿದ ಹಾಗಿದೆ.

ಅರ್ಜುನ ಇಂದ್ರಪ್ರಸ್ಥಕ್ಕೂ ಮುಂಚೆ, ಇಲ್ಲ, ತಡೀರಿ, ಖಾಂಡವಪ್ರಸ್ಥ ಅವರ ಕೈಗೆ ಬಂದ ಮೇಲೆ ಪಕ್ಕದ ಖಾಂಡವ ವನ ಸುಟ್ಟ. ಅದರಲ್ಲಿ ನಾಗರಾಜ ತಕ್ಷಕನ ಹೆಂಡತಿ ಸತ್ತಳು. (ಕಾಡು ತೆಗೆದವರ ಮೊಮ್ಮಕ್ಕಳ ತೋಟಕ್ಕೆ ಆನೆ ಬರುವುದು ಬೇರೆಯೇ ಚರ್ಚೆ, ಆಲೂರು ಸಕಲೇಶಪುರದವರು ಬೈಯಬೇಡಿ.) ಅರ್ಜುನನ ಮೊಮ್ಮಗ ಪರೀಕ್ಷಿತ ಸತ್ತಿದ್ದು ಅದೇ ತಕ್ಷಕ ಕಚ್ಚಿ. ಋಷಿಯ ಮಗನ ಶಾಪ ಅನ್ನುವುದು ನಿಜ, ಆದರೆ ಕಚ್ಚಿದವನು ಅವನೇ. ಪರೀಕ್ಷಿತನ ಮಗ ಜನಮೇಜಯ ಆಗ ಚಿಕ್ಕವನು. ದೊಡ್ಡವನಾದ ಮೇಲೆ ಉತ್ತಂಕ ಅಂತ ಒಬ್ಬ ಬಂದು, ನಿಮ್ಮಪ್ಪನನ್ನು ಕೊಂದವನನ್ನು ಹಾಗೇ ಬಿಟ್ಟಿದ್ದೀಯಲ್ಲ ಅಂತ ಚುಚ್ಚುತ್ತಾನೆ. ಉತ್ತಂಕನಿಗೆ ಏನು ನಷ್ಟ? ತಕ್ಷಕ ಅವನ ಕೈಯಿಂದ ಕಿವಿಯೋಲೆ ಕದ್ದಿದ್ದ! ಸ್ವಂತ ಜಗಳ ತೀರಿಸಿಕೊಳ್ಳಲು ರಾಜನನ್ನು ಎತ್ತಿಕಟ್ಟಿದ, ಹಾವುಗಳನ್ನೆಲ್ಲಾ ಸುಡುವ ಯಾಗ ಶುರುವಾಯಿತು. ನಿಮ್ಮ ಮನೆಯವರು ಶಕುನಿ ಹುಡುಕುವುದು ಬಿಟ್ಟು ಉತ್ತಂಕನನ್ನು ಹುಡುಕಲಿ. ಅವನು ನೆಂಟನೇ ಆಗಿರಬೇಕಿಲ್ಲ. ಪಕ್ಕದ ತೋಟದವನು, ಜಾಗದ ಬ್ರೋಕರು, ದಾವೆ ಹಾಕಿ ಅಂತ ಪ್ರತಿ ವಾರ ಫೋನ್ ಮಾಡುವವನು, ಯಾರು ಬೇಕಾದರೂ ಆಗಿರಬಹುದು.

ಯಾಗ ನಿಲ್ಲಿಸಿದ್ದು ಆಸ್ತೀಕ. ಹುಡುಗ. ಅಮ್ಮ ನಾಗರವಳು, ಅಪ್ಪ ಋಷಿ. ಬಂದವನೇ ಯಾರಿಗೂ ಬೈಯಲಿಲ್ಲ. ಮೊದಲು ಯಾಗವನ್ನು, ರಾಜನನ್ನು ಹೊಗಳಿದ. ರಾಜ ಖುಷಿಯಾಗಿ ವರ ಕೇಳು ಅಂದಾಗ ಯಾಗ ನಿಲ್ಲಿಸು ಅಂದ. ಚಿನ್ನ ತಗೋ, ಹಸು ತಗೋ ಅಂದರೂ ಮಾತು ಬದಲಿಸಲಿಲ್ಲ. ಆ ಯಾಗದ ಬಿಡುವಿನಲ್ಲೇ ಜನಮೇಜಯನಿಗೆ ಪೂರ್ತಿ ಮಹಾಭಾರತ ಹೇಳಿದ್ದು, ಅದೂ ನೆನಪಿರಲಿ. ಹಗೆ ಸಾಧಿಸುತ್ತಾ ಕೂತವನಿಗೆ ಹೇಳಿದ ಕಥೆ ಅದು.

ದೊಡ್ಡಪ್ಪನ ಮಕ್ಕಳ ಜೊತೆ ನಿಮ್ಮ ಮಾತುಕತೆ ಇದೆಯಾ?

ಬೇಲೂರು ಕಡೆಯವ:

ಇದೆ. ದೊಡ್ಡಪ್ಪನ ಮಗಳು ಅಕ್ಕ ಆಗಬೇಕು ನನಗೆ, ಮೊನ್ನೆಯೂ ಫೋನಿನಲ್ಲಿ ಮಾತಾಡಿದೆವು. ಅವಳಿಗೆ ಈ ಥ್ರೆಡ್ಡಿನ ಲಿಂಕ್ ಕಳಿಸಿದೆ. ಉತ್ತಂಕ ಯಾರು ಅಂತ ಇಬ್ಬರಿಗೂ ಒಂದೇ ಹೆಸರು ಹೊಳೆಯಿತು, ಇಲ್ಲಿ ಬರೆಯಲ್ಲ.

ತೋಟದ ಲೆಕ್ಕದ ಪುಸ್ತಕ ಅರ್ಧ ಇದೆ, ಉಳಿದದ್ದು ಕಾಫಿ ಕ್ಯೂರಿಂಗ್ (ಸಂಸ್ಕರಣೆ) ಚೀಟಿ, ಬ್ಯಾಂಕಿನ ಪಾಸ್‌ಬುಕ್ ಸೇರಿಸಿ ನಾನೇ ಬರೆಯುತ್ತೇನೆ. ಅಪ್ಪ ಮೊದಲು "ನನ್ನ ಮೇಲೆ ನಂಬಿಕೆ ಇಲ್ವಾ" ಅಂತ ಎಗರಿದರು. ಭರತ ಹತ್ತು ಪಟ್ಟು ಅಂದಿದ್ದನ್ನು ಹೇಳಿದೆ. "ಅವನಿಗೆ ಕೊಳೆರೋಗ ಇರಲಿಲ್ಲ" ಅಂದರು, ಆದರೆ ಬೀರು ಬೀಗದ ಕೈ ಕೊಟ್ಟರು. ಅತ್ತೆಯರ ಮನೆಗೆ ಅಕ್ಕ ಹೋಗುತ್ತಾಳೆ. ಸಹಿ ಕೇಳೋಕಲ್ಲ, ಏನು ಬೇಕು ಅಂತ ಕೇಳೋಕೆ. ಲೈನ್ ಮನೆಯ ದಾರಿ, ನೀರು ನಕ್ಷೆಯಲ್ಲಿ ಬರೆಸುತ್ತೇನೆ.

ಕಾಫಿಕಣ ಅಣ್ಣ, ಈಗ ನಿಮ್ಮ ಸರದಿ. ಇನ್ನೂ ಕೇಸ್ ಹಾಕಿಲ್ಲ. ಹಾಕದೆಯೇ ಲೋಕ ಅದಾಲತ್‌ಗೆ ಹೋಗಬಹುದಾ?

ಕಾಫಿಕಣ:

ಹೋಗಬಹುದು. ಕೇಸ್ ಹಾಕುವ ಮುಂಚಿನ ವ್ಯಾಜ್ಯವನ್ನೂ ತೆಗೆದುಕೊಳ್ಳುತ್ತಾರೆ. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವೆಗಳ ಸಮಿತಿ ಇರುತ್ತದೆ, ಅಲ್ಲಿ ಅರ್ಜಿ ಕೊಡಿ. ಅಲ್ಲಿ ರಾಜಿ ಆದರೆ ಅದು ಕೋರ್ಟ್ ಡಿಕ್ರಿ ಇದ್ದ ಹಾಗೆ, ಮೇಲೆ ಅಪೀಲು ಹೋಗೋಕಾಗಲ್ಲ, ಆದ್ದರಿಂದ ಎಲ್ಲರೂ ಓದಿಯೇ ಸಹಿ ಮಾಡಲಿ. ನಿಮ್ಮ ನಿಮ್ಮಲ್ಲೇ ಒಪ್ಪಿಗೆ ಆದರೆ ಪಾಲು ಪತ್ರ ಬರೆಸಿ ರಿಜಿಸ್ಟರ್ ಮಾಡಿಸಿ, ಅದಕ್ಕೆ ಮೊದಲು 11ಇ ನಕ್ಷೆಗೆ (ಪಾಲಿನ ಗಡಿ ತೋರಿಸುವ ಸರ್ವೆ ನಕ್ಷೆ) ಅರ್ಜಿ ಹಾಕಬೇಕು. ಅಳತೆ ದಿನ ಅತ್ತೆಯರೂ ಸೇರಿ ಎಲ್ಲರೂ ಜಾಗದಲ್ಲಿರಿ, ಬಾಂದು ಕಲ್ಲು ಕಣ್ಣಾರೆ ನೋಡಿ. ಕೆರೆ, ಕಣ, ದಾರಿ ಮೂರನ್ನೂ ಯಾರ ಪಾಲಿಗೂ ಹಾಕದೆ ಜಂಟಿಯಾಗಿ ಇಟ್ಟುಕೊಳ್ಳುವುದು ನಮ್ಮ ಕಡೆ ಎಷ್ಟೋ ಮನೆಯಲ್ಲಿ ಇದೆ, ಅದನ್ನೂ ಕೇಳಿ ನೋಡು. ಏನು ಮಾಡಿದರೂ ಹಣ್ಣು ಕುಯ್ಲಿಗೆ ಮುಂಚೆ ಮಾಡು ಗುರು, ಕುಯ್ಲು ಶುರುವಾದರೆ ನಿಮ್ಮಪ್ಪ ಕೈಗೆ ಸಿಗಲ್ಲ.